ಎರಡು ಸುತ್ತಿನ ದಾರ

ಗೌಸಮೊದ್ದೀನನ ಕಣ್ಣಿಗೆ ಕೆಂಪೂ ಹಸಿರೂ ಒಂದೇ. ಎರಡೂ ಒಣಗಿದ ಎಲೆಯ ಬಣ್ಣ. ಕಿರಾಣಿ ಅಂಗಡಿ ಇಟ್ಟವನಿಗೋ, ಬಸ್ಸಿನಲ್ಲಿ ಟಿಕೇಟು ಹರಿಯುವವನಿಗೋ ಇದು ದೊಡ್ಡ ಮಾತಲ್ಲ. ಆದರೆ ಗೌಸಮೊದ್ದೀನ ವಾಯರ್‌ಮನ್. ಕೆಂಪು ತಂತಿಯಲ್ಲಿ ಕರೆಂಟು ಬರುತ್ತದೆ, ಕಪ್ಪು ತಂತಿಯಲ್ಲಿ ವಾಪಸು ಹೋಗುತ್ತದೆ. ಹಸಿರು ತಂತಿ ಅರ್ಥಿಂಗಿನದು. ಕರೆಂಟು ದಾರಿ ತಪ್ಪಿದರೆ ಮನುಷ್ಯನ ಮೈಗೆ ಬಾರದಂತೆ ಅದನ್ನು ನೆಲಕ್ಕೆ ಇಳಿಸುವುದು ಅದರ ಕೆಲಸ. ಮೂರು ಬಣ್ಣದ ಮೇಲೆ ನಿಂತ ಈ ಕಸುಬನ್ನು, ಮೂರರಲ್ಲಿ ಎರಡು ಬಣ್ಣ ತಿಳಿಯದ ಮನುಷ್ಯ ಮೂವತ್ತೆಂಟು ವರ್ಷದಿಂದ ಮಾಡಿಕೊಂಡು ಬಂದಿದ್ದಾನೆ. ಅವನು ವಾಯರಿಂಗ್ ಮಾಡಿದ ಒಂದು ಮನೆಯಲ್ಲೂ ಯಾರಿಗೂ ಏನೂ ಆಗಿಲ್ಲ. ನಂಬುವುದು ಕಷ್ಟ, ಆದರೆ ಖರೆ.

ಗುಟ್ಟು ಗೊತ್ತಿದ್ದದ್ದು ಒಬ್ಬಳಿಗೇ, ಅವನ ಹೆಂಡತಿ ಶಹಜಹಾನಬೇಗಂಗೆ. ಅದೂ ಮದುವೆಯಾದ ಎರಡನೇ ತಿಂಗಳಲ್ಲಿ. ದರ್ಗಾಕ್ಕೆ ಹೊದಿಸಲು ಹಸಿರು ಚಾದರ ತರುತ್ತೇನೆಂದು ಹೋದವನು, ಅಂಗಡಿಯವನು ಗಿರಾಕಿಗಳ ಗದ್ದಲದಲ್ಲಿದ್ದಾಗ ರಾಶಿಯಿಂದ ತಾನೇ ಒಂದನ್ನು ಎಳೆದುಕೊಂಡು ಮನೆಗೆ ತಂದು ಠೀವಿಯಿಂದ ಬಿಚ್ಚಿದ. ಅಪ್ಪಟ ಕೆಂಪು. ಶಹಜಹಾನಬೇಗಂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಗಂಡನ ಮುಖ ನೋಡಿ ನಗು ನಿಲ್ಲಿಸಿದಳು. ಅವಳು ಹಳೇ ಬಟ್ಟೆ ಜೋಡಿಸಿ ಕೌದಿ ಹೊಲಿಯುವ ಹೆಣ್ಣುಮಗಳು, ಮನೆ ತುಂಬ ಬಣ್ಣದ ಚಿಂದಿ. ಒಂದೊಂದೇ ಚಿಂದಿ ಹಿಡಿದು ಇದ್ಯಾವ ಬಣ್ಣ, ಇದ್ಯಾವ ಬಣ್ಣ ಎಂದು ಕೇಳುತ್ತ ಹೋದಳು. ಕೇಳುತ್ತ ಕೇಳುತ್ತ ಅವಳಿಗೆ ಭಯವಾಯಿತು. ಅಲ್ಲಿಯವರೆಗೆ ಅವನು ತನ್ನ ಕಾಕಾನ ಕೈಕೆಳಗೆ, ಕಾಕಾ ಕೊಟ್ಟ ತಂತಿಯನ್ನು ಕಾಕಾ ಹೇಳಿದ ಕಡೆ ಎಳೆಯುತ್ತಿದ್ದ. ಮುಂದಿನ ವಾರದಿಂದ ಸ್ವಂತ ಕೆಲಸ ಹಿಡಿಯುವವನಿದ್ದ.

ಬೇರೆ ಕಸುಬು ನೋಡಿಕೊಳ್ಳಿ ಎಂದು ಅವಳು ಹೇಳಲಿಲ್ಲ. ಕೌದಿ ಹೊಲಿಯುವ ಬಿಳಿ ದಾರದ ಉಂಡೆ ತೆಗೆದಳು. ಕೆಂಪು ತಂತಿಯ ಸುರುಳಿಗೆ ಒಂದು ಸುತ್ತು ದಾರ, ಹಸಿರಿನದಕ್ಕೆ ಎರಡು ಸುತ್ತು, ಕಪ್ಪಿಗೆ ಏನೂ ಇಲ್ಲ. ಕಪ್ಪು ಅವನಿಗೇ ತಿಳಿಯುತ್ತದೆ. ಕೆಲಸದ ಜಾಗದಲ್ಲಿ ತಂತಿ ಕತ್ತರಿಸಿದಾಗಲೆಲ್ಲ ಅದೇ ಲೆಕ್ಕದಲ್ಲಿ ಎರಡೂ ತುದಿಗೆ ದಾರ ಕಟ್ಟಬೇಕು, ಉಂಡೆ ಯಾವಾಗಲೂ ಜೇಬಿನಲ್ಲಿರಬೇಕು. ಕೌದಿಯ ಗಂಟು ಹಾಕುವುದನ್ನೂ ಅವಳೇ ಕಲಿಸಿದಳು, ತುದಿ ಕಾಣದಂತೆ ಒಳಗೇ ಮುಚ್ಚಿಹೋಗುವ ಗಂಟು. ಅಂದಿನಿಂದ ಪ್ರತಿ ಕೆಲಸಕ್ಕೂ ಹೊಸ ತಂತಿಯ ಸುರುಳಿ ಮೊದಲು ಮನೆಗೆ ಬರುತ್ತಿತ್ತು, ಹೆಂಡತಿಯ ಕೈ ದಾಟಿಯೇ ಮುಂದೆ ಹೋಗುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಕೇಶ್ವಾಪುರದ ಒಂದು ಮನೆಯಲ್ಲಿ, ಬೋರ್ಡಿನ ಮುಚ್ಚಳ ಹಾಕುವ ಮೊದಲು ಮನೆಯ ಯಜಮಾನರು ಇಣುಕಿ ನೋಡಿ, "ಇದೇನ ಗೌಸಸಾಬ, ದರ್ಗಾದ ದಾರ ಏನ?" ಎಂದು ಕೇಳಿದರು. ಖರೆ ಹೇಳಿದರೆ ಅಂದೇ ಕಸುಬು ಮುಗಿಯಿತು. ಗೌಸಮೊದ್ದೀನ ತಲೆ ಎತ್ತದೆ "ಹೂಂ" ಅಂದ. ಒಂದೇ ಒಂದು ಹೂಂ. ಅದು ಅವನಿಗಿಂತ ಮೊದಲು ಊರು ಸುತ್ತಿತು. ಮಂತ್ರಿಸಿದ ದಾರ ಕಟ್ಟಿ ವಾಯರಿಂಗ್ ಮಾಡುತ್ತಾನೆ, ಆ ಮನೆಯಲ್ಲಿ ಯಾರಿಗೂ ಶಾಕ್ ಹೊಡೆಯುವುದಿಲ್ಲ ಎಂದು ಜನ ಹುಡುಕಿಕೊಂಡು ಬಂದರು. ವಿಭೂತಿ ಹಚ್ಚಿದವರೂ ಬಂದರು, ನಮಾಜು ಮಾಡುವವರೂ ಬಂದರು. ಇಂಥದ್ದರಲ್ಲಿ ನಮ್ಮ ಹುಬ್ಬಳ್ಳಿಯವರು ಜಾತಿ ಧರ್ಮ ಕೇಳುವುದಿಲ್ಲ. ಹೆಸರೇ "ದಾರದ ಗೌಸಸಾಬ" ಎಂದಾಯಿತು. ಅವನು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಆದರೆ ಶುಕ್ರವಾರದ ನಮಾಜಿಗೆ ನಿಂತಾಗ ಆ ಹೂಂ ಒಳಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಈಗ ಉಣಕಲ್ಲಿನ ರತ್ನವ್ವನ ಶೆಡ್ಡಿನ ವಿಷಯಕ್ಕೆ ಬರೋಣ.

ರತ್ನವ್ವ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವಳು. ಇಷ್ಟು ವರ್ಷ ಕೈಯಲ್ಲಿ ಬಡಿದಳು, ಈಗ ರಟ್ಟೆ ಸೋತಿದೆ. ಮೂರು ಜನ ಹೆಂಗಸರು ಜೊತೆಗೂಡಿ ಒಂದು ರೊಟ್ಟಿ ಮಷಿನ್ ತರಿಸಿ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಇಟ್ಟಿದ್ದರು. ಅಡುಗೆಮನೆಯ ಕಿಟಕಿಯಿಂದ ಉದ್ದನೆಯ ವಾಯರು ಎಳೆದು ಶುರು ಮಾಡಿದರೆ ಮಷಿನ್ ಒಂದು ಸಲ ಗುರ್ ಅಂತು, ಇಡೀ ಮನೆ ಕತ್ತಲಾಯಿತು. ಹಾಗಾಗಿ ಶೆಡ್ಡಿಗೆ ಅಂತಲೇ ಮೇನ್ ಡಬ್ಬಿಯಿಂದ ಬೇರೆ ಲೈನು, ಅದಕ್ಕೆ ಅದರದೇ ಸ್ವಿಚ್ಚು ಬೇಕಾಗಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಆ ಮನೆಗೆ ವಾಯರಿಂಗ್ ಮಾಡಿದ್ದು ಗೌಸಮೊದ್ದೀನನೇ. ರತ್ನವ್ವ ಫೋನ್ ಮಾಡಿ, "ಬ್ಯಾರೇ ಯಾರನ್ನೂ ಒಳಗ ಬಿಡಂಗಿಲ್ಲ ಗೌಸಣ್ಣಾರ, ನೀವ ಬರಬೇಕ" ಅಂದಳು. ಅವನು ಕರೆಂಟ್ ಆಫೀಸಿನಲ್ಲಿ ಲೋಡು ಹೆಚ್ಚಿಸುವ ಅರ್ಜಿ ಕೊಡಿಸಿ, ಅದು ಮಂಜೂರಾದ ಮೇಲೆ ತಂತಿ ತಂದು ಹೆಂಡತಿಯಿಂದ ದಾರ ಕಟ್ಟಿಸಿಕೊಂಡು ಹೋದ.

ಹಿತ್ತಲಿನಲ್ಲಿ ರತ್ನವ್ವನ ಗಂಡ ಶಾಂತಯ್ಯ ಮುಖ ಗಂಟಿಕ್ಕಿಕೊಂಡು ನಿಂತಿದ್ದರು. ಶೆಡ್ಡು ಇಷ್ಟು ದಿನ ಅವರ ರಾಜ್ಯ. ಸಲಿಕೆ, ಗುದ್ದಲಿ, ನೀರು ಬಿಡುವ ಪೈಪು, ಒಡೆದ ಕುಂಡ, ಎಲ್ಲ ಈಗ ನುಗ್ಗೆ ಗಿಡದ ಕೆಳಗೆ ಬಿದ್ದಿದ್ದವು.

"ಗೌಸಸಾಬ, ಸ್ವಿಚ್ಚ ಅಗ್ನಿ ಮೂಲ್ಯಾಗ ಬರಬೇಕ ನೋಡ," ಎಂದು ಅವರು ಶೆಡ್ಡಿನ ಒಂದು ಮೂಲೆ ತೋರಿಸಿದರು.

"ಆತ್ರಿ ಅಯ್ಯಾರ."

"ಆ ಮೂಲ್ಯಾಗ ನನ್ನ ಗುದ್ದಲಿ ಇಡೂ ಜಾಗಾ ಐತಿ."

"ಮತ್ತ ಎಲ್ಲಿ ಹಾಕ್ಲಿರಿ?"

"ಅಗ್ನಿ ಮೂಲ್ಯಾಗ. ಆದ್ರ ಅಲ್ಲಿ ಬ್ಯಾಡ."

ಗೌಸಮೊದ್ದೀನ ಇಂಥದಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ಪೈಕಿ ಅಲ್ಲ. ಗೋಡೆಗುಂಟ ಪೈಪು ಹೊಡೆದ, ಪೈಪಿನೊಳಗೆ ಮೂರು ತಂತಿ ಎಳೆದ, ಎರಡೂ ತುದಿಗೆ ದಾರ ಕಟ್ಟಿದ. ಶೆಡ್ಡಿನಲ್ಲಿ ಸ್ವಿಚ್ಚಿನ ಡಬ್ಬಿ ಕೂರಿಸಿದ. ಅದು ಗುದ್ದಲಿಗಿಂತ ಒಂದು ಗೇಣು ಮೇಲೆ ಬಂದದ್ದರಿಂದ ಎರಡೂ ಪಕ್ಷ ಸುಮ್ಮನಾದವು. ಉಳಿದದ್ದು ಒಂದೇ ಕೆಲಸ. ಪಡಸಾಲೆಯ ಗೋಡೆಯಲ್ಲಿದ್ದ ಮನೆಯ ಮೇನ್ ಡಬ್ಬಿ ತೆಗೆದು ಈ ಮೂರು ತಂತಿಯನ್ನು ಅಲ್ಲಿಗೆ ಸೇರಿಸುವುದು. ಮುಚ್ಚಳದ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ ಇತ್ತು. ದೇವರ ಜಗುಲಿಯ ಪಾಲಿಗೆ ಬರುವ ಮರ್ಯಾದೆ ಈ ಡಬ್ಬಿಗೂ ಸಿಕ್ಕಿತ್ತು. ಅವನು ಮುಜುಗರದಿಂದಲೇ ಸ್ಕ್ರೂ ಬಿಚ್ಚಿದ.

ಮುಚ್ಚಳ ತೆಗೆದವನು ಹಾಗೇ ನಿಂತುಬಿಟ್ಟ.

ಒಳಗಿನ ಪ್ರತಿ ತಂತಿಗೂ ಎರಡು ಸುತ್ತು ದಾರ. ಕೆಂಪಿರಬೇಕಾದಲ್ಲಿ ಎರಡು. ಹಸಿರಿರಬೇಕಾದಲ್ಲಿ ಎರಡು. ಎಂದೂ ದಾರ ಕಟ್ಟದ ಕಪ್ಪಿಗೂ ಎರಡು. ಅವನ ಲೆಕ್ಕದಲ್ಲಿ ಎರಡು ಸುತ್ತು ಎಂದರೆ ಅರ್ಥಿಂಗು. ಅಂದರೆ ಈ ಡಬ್ಬಿಯಲ್ಲಿ ಕರೆಂಟು ಬರುವ ತಂತಿಯೇ ಇಲ್ಲ, ಎಲ್ಲವೂ ನೆಲಕ್ಕೇ ಹೋಗುತ್ತವೆ! ಆದರೆ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

ಡಬ್ಬಿಯೂ ಅವನು ಹಾಕಿದ್ದಲ್ಲ. ಅವನು ಹಾಕಿದ್ದು ಪಿಂಗಾಣಿ ಫ್ಯೂಜಿನ ಹಳೇ ಬೋರ್ಡು. ಇಲ್ಲಿದ್ದದ್ದು ಹೊಸ ನಮೂನೆಯದು. ಯಾರೋ ಬದಲಿಸಿದ್ದಾರೆ. ಸರಿ, ಯಾರೇ ಬದಲಿಸಲಿ, ದಾರ ಯಾಕೆ ಹೀಗೆ? ಟೆಸ್ಟರ್ ತೆಗೆದು ಒಂದೊಂದಕ್ಕೇ ಹಿಡಿದ. ಕರೆಂಟು ಬರುವ ತಂತಿಗಳಲ್ಲಿ ದೀಪ ಹೊತ್ತಿತು, ಅಷ್ಟು ಗೊತ್ತಾಯಿತು. ಉಳಿದದ್ದು ಕೆಳಗಿನ ಎರಡು ಹಿತ್ತಾಳೆ ಪಟ್ಟಿ. ಒಂದು ಕರೆಂಟು ವಾಪಸು ಹೋಗುವ ಪಟ್ಟಿ, ಒಂದು ಅರ್ಥಿಂಗಿನ ಪಟ್ಟಿ. ಎರಡಕ್ಕೂ ಒಂದೊಂದು ದಪ್ಪ ತಂತಿ ಗೋಡೆಯಿಂದ ಬಂದು ಕೂತಿತ್ತು. ಟೆಸ್ಟರ್ ಎರಡರಲ್ಲೂ ಹೊತ್ತಲಿಲ್ಲ, ಹೊತ್ತುವುದೂ ಇಲ್ಲ. ವಾಪಸು ಹೋಗುವ ತಂತಿ ಕಪ್ಪಿದ್ದರೆ ಕಣ್ಣಿಗೇ ಗೊತ್ತಾಗುತ್ತಿತ್ತು. ಆದರೆ ಎರಡೂ ಒಣಗಿದ ಎಲೆಯ ಬಣ್ಣ. ಸಣ್ಣ ಕಪ್ಪು ತಂತಿಗಳು ಕೂತ ಪಟ್ಟಿ ವಾಪಸಿನದಿರಬೇಕು ಎಂದು ಊಹಿಸಬಹುದಿತ್ತು, ಆದರೆ ಯಾರೋ ಮಾಡಿಹೋದ ಕೆಲಸವನ್ನು ಊಹೆಯ ಮೇಲೆ ನಂಬುವಂತಿರಲಿಲ್ಲ. ಎರಡಕ್ಕೂ ಎರಡೆರಡು ಸುತ್ತು ದಾರ.

ಅವನು ಸ್ಟೂಲಿನ ಮೇಲೆ ಕೂತ. ಈ ಎರಡು ಅದಲು ಬದಲಾದರೆ ರೊಟ್ಟಿ ಮಷಿನ್ನಿನ ಕಬ್ಬಿಣದ ಮೈಗೇ ಕರೆಂಟು ಬರಲು ದಾರಿ ಮಾಡಿಕೊಟ್ಟ ಹಾಗೆ. ಒದ್ದೆ ಹಿಟ್ಟಿನ ಕೈ, ನೀರು ಚೆಲ್ಲಿದ ನೆಲ, ಸುತ್ತ ನಿಂತ ಹೆಂಗಸರು.

ಆದರೆ ಅದಕ್ಕಿಂತ ದೊಡ್ಡ ಗೊಂದಲ ಇನ್ನೊಂದು ಕಡೆಯಿಂದ ಎದ್ದು ಬಂತು. ಇದು ತಾನೇ ಮಾಡಿದ ತಪ್ಪಾಗಿದ್ದರೆ? ಇಪ್ಪತ್ತೆರಡು ವರ್ಷದ ಹಿಂದೆ ಯಾವುದೋ ಜ್ವರದಲ್ಲಿ ಎಲ್ಲದಕ್ಕೂ ಎರಡೇ ಸುತ್ತು ಕಟ್ಟಿದ್ದೆನೇನು? ಹೊಸ ಡಬ್ಬಿ ಹಾಕಿದವನು ಅದೇ ದಾರದ ತುದಿ ಹಾಗೇ ಬಿಟ್ಟನೇನು? ಅಥವಾ ಶಹಜಹಾನಳೇ ತಪ್ಪಿದಳೇನು? ಆ ವರ್ಷ ಅವಳು ಬಸುರಿ ಇದ್ದಳು, ಮಗಳು ಅಫ್ರೀನ್ ಹೊಟ್ಟೆಯಲ್ಲಿದ್ದಳು. ತಲೆ ಸುತ್ತು ಬರುತ್ತದೆ ಎನ್ನುತ್ತಿದ್ದಳು. ಹಾಗಾದರೆ ಆ ವರ್ಷದ ಉಳಿದ ಮನೆಗಳು? ಕೇಶ್ವಾಪುರದ ಎರಡು ಮಹಡಿ ಮನೆ? ಧಾರವಾಡದಲ್ಲಿ ಮಾಸ್ತರರ ಮನೆ? ಅಲ್ಲೆಲ್ಲ ಜನ ದಿನಾ ಗೀಜರ್ ಹಾಕಿ ಸ್ನಾನ ಮಾಡುತ್ತಿದ್ದಾರೆ. ನೆನೆಸಿಕೊಂಡಷ್ಟೂ ಮನೆಗಳು ಸಾಲುಗಟ್ಟಿ ಬಂದು ನಿಂತವು.

ಅವನು ಹಿತ್ತಲಿಗೆ ಹೋಗಿ ಹೆಂಡತಿಗೆ ಫೋನ್ ಮಾಡಿದ. ಮನೆಯಲ್ಲಿ ಅವರ ಮಾತು ಉರ್ದು, ನಾವು ಕನ್ನಡದಲ್ಲೇ ಕೇಳೋಣ.

"ಎರಡ ಸುತ್ತು ಹಸಿರಿಗೇ ಹೌದಲ್ಲ?"

"ಮೂವತ್ತೆಂಟ ವರ್ಷ ಆದ ಮ್ಯಾಲ ಇದನ್ನ ಕೇಳಾಕ ಫೋನ್ ಮಾಡೀರಿ?"

"ಇಲ್ಲಿ ಎಲ್ಲಾದಕ್ಕೂ ಎರಡೆರಡ ಅದಾವ. ಕಪ್ಪಿಗೂ ಅದಾವ."

"ಗಂಟ ನೋಡ್ರಿ."

"ಏನು?"

"ದಾರ ಯಾಕ ನೋಡ್ತೀರಿ, ಗಂಟ ನೋಡ್ರಿ. ನಮ್ಮ ಗಂಟ ಕೌದಿ ಗಂಟ. ಸುದ್ದಾಗಿ ನೋಡಿ ಆಮ್ಯಾಲ ತಪ್ಪ ಹೆಂಡ್ತಿ ಮ್ಯಾಲ ಹಾಕ್ರಿ." ಫೋನ್ ಇಟ್ಟಳು.

ಅವನು ಒಳಗೆ ಬಂದು ಕನ್ನಡಕ ಏರಿಸಿ ನೋಡಿದ. ಗಂಟು ಅವನದಲ್ಲ. ತುದಿ ಹೊರಗೇ ಇಳಿಬಿದ್ದಿತ್ತು. ಕುಣಿಕೆ ಹಾಕಿ ಎಳೆದ, ಮೃದುವಾದ, ಅಚ್ಚುಕಟ್ಟಾದ ಗಂಟು. ಇದನ್ನು ಎಲ್ಲೋ ನೋಡಿದ್ದೇನಲ್ಲ ಎಂದು ತಲೆ ಎತ್ತಿದರೆ ಎದುರಿಗೇ ಇತ್ತು. ದೇವರ ಮನೆಯ ಬಾಗಿಲಿಗೆ ಇಳಿಬಿಟ್ಟ ಮಲ್ಲಿಗೆ ಮಾಲೆ. ಹೂ ಕಟ್ಟುವ ಗಂಟು.

ರತ್ನವ್ವ ಚಹಾ ಹಿಡಿದುಕೊಂಡು ಬರುತ್ತಿದ್ದಳು.

"ಅಕ್ಕಾರ, ಈ ದಾರ ಯಾರ ಕಟ್ಟ್ಯಾರ್ರಿ?"

ರತ್ನವ್ವನ ಮುಖ ಅರಳಿತು. ಹೇಳಬೇಕೆಂದು ಎಷ್ಟೋ ದಿನದಿಂದ ಕಾದಿದ್ದವಳ ಹಾಗೆ ಚಹಾ ಕೆಳಗಿಟ್ಟು ಶುರು ಮಾಡಿದಳು. "ನಾನ ಕಟ್ಟೀನ್ರಿ. ನಾಕ ವರ್ಷದ ಹಿಂದ ನೀವು ಕಾಲ ಮುರಕೊಂಡ ಮಲಗಿದ್ರಿ ನೋಡ್ರಿ, ಆವಾಗ ಇವರು ಯಾವನೋ ಒಬ್ಬನ್ನ ಕರಕೊಂಡ ಬಂದ್ರು. ಅಂವ ಹಳೇ ಬೋರ್ಡ ಕಿತ್ತ. ನಿಮ್ಮ ದಾರ ಎಲ್ಲಾ ಕತ್ತರಿಸಿ, ಇದೇನ ಕಸಾ ಅಂತ ಒಗದ ಬಿಟ್ಟ. ನನ್ನ ಜೀವ ಚುರ್ ಅಂತು. ಕಸಬರಿಗಿ ಹಚ್ಚಲಿಲ್ಲರಿ ನಾ, ಒಂದೊಂದ ಎಳಿ ಆರಿಸಿ ಇಟ್ಟೆ. ಅಂವ ಹೋದ ಮ್ಯಾಲ ಡಬ್ಬಿ ತಗದು ತಿರುಗಿ ಕಟ್ಟಿದೆ. ಸಾಲದ್ದಕ್ಕ ನನ್ನ ಹೂವಿನ ದಾರ ಸೇರಿಸಿದೆ."

"ಎಲ್ಲಾದಕ್ಕೂ ಎರಡ ಸುತ್ತು ಯಾಕ್ರಿ?"

"ಕೆಲವಕ್ಕ ಒಂದ ಇತ್ತು, ಕೆಲವಕ್ಕ ಎರಡ ಇತ್ತು. ಎರಡ ಇದ್ದದ್ದು ಜಾಸ್ತಿ ಶಕ್ತಿದ್ದು ಅನಿಸ್ತು. ಕಟ್ಟೂದ ಕಟ್ಟತೇನಿ, ಎಲ್ಲಾದಕ್ಕೂ ಎರಡ ಇರ್ಲಿ ಅಂತ ಕಟ್ಟಿದೆ."

ಗೌಸಮೊದ್ದೀನನಿಗೆ ಮೊದಲು ಎದೆ ಹಗುರಾಯಿತು. ತನ್ನ ತಪ್ಪಲ್ಲ, ಶಹಜಹಾನಳ ತಪ್ಪೂ ಅಲ್ಲ, ಆ ಮನೆಗಳೆಲ್ಲ ಸರಿಯಾಗಿಯೇ ಇವೆ. ಮರುಕ್ಷಣ ಅವಳು ಹೇಳಿದ ಇನ್ನೊಂದು ಮಾತು ತಲೆಗೆ ಹೊಕ್ಕಿತು.

"ಡಬ್ಬಿ ತಗದ್ರಿ? ಒಳಗ ಕೈ ಹಾಕಿದ್ರಿ?"

"ಮೇನ್ ಬಂದ್ ಮಾಡಿದ್ದೆರಿ. ಅಷ್ಟು ಗೊತ್ತಿಲ್ಲೇನ ನನಗ?"

ಮೇನ್ ಬಂದ್ ಮಾಡಿದರೂ ಮೀಟರಿನಿಂದ ಮೇನಿನವರೆಗೆ ಬರುವ ತಂತಿ ಬಂದ್ ಆಗುವುದಿಲ್ಲ. ಅದು ಯಾವಾಗಲೂ ಜೀವಂತ. ಅದಕ್ಕೂ ಎರಡು ಸುತ್ತು ದಾರ ಇತ್ತು. ಹೂ ಕಟ್ಟುವ ಅಚ್ಚುಕಟ್ಟು ಗಂಟು, ಕರೆಂಟು ಹರಿಯುವ ಬರಿಯ ಸ್ಕ್ರೂವಿನಿಂದ ಅರ್ಧ ಬೆರಳು ಆಚೆ. ಗೌಸಮೊದ್ದೀನ ಆ ಅರ್ಧ ಬೆರಳನ್ನೇ ನೋಡುತ್ತ ನಿಂತ. ಅವಳ ಕೈ ಅಲ್ಲಿಗೆ ಹೋಗಿತ್ತು. ತಾನು ಅಂದ ಒಂದು ಹೂಂ ಅವಳನ್ನು ಅಲ್ಲಿಯವರೆಗೆ ಕರೆದುಕೊಂಡು ಹೋಗಿತ್ತು.

"ಚಿಂತಿ ಮಾಡಬ್ಯಾಡ್ರಿ," ರತ್ನವ್ವ ಹೇಳುತ್ತಲೇ ಇದ್ದಳು, "ಶೆಡ್ಡಿನ ಡಬ್ಬಿಗೂ ನಾನ ಕಟ್ಟತೇನಿ. ಅಮಾಸಿಗೊಮ್ಮೆ ತಗದು ಪೂಜಿ ಮಾಡಿ ಮುಚ್ಚತೇನಿ. ನಮ್ಮ ಜೋಡಿ ರೊಟ್ಟಿ ಮಾಡೂ ದಾಕ್ಷಾಯಿಣಿ ಭಾಳ ಅಂಜತಾಳ್ರಿ ಮಷಿನಿಗೆ, ಆಕಿಗೂ ಕಟ್ಟೂದ ಹೇಳಿಕೊಟ್ಟೇನಿ."

ಈಗ ಎರಡು ದಾರಿ ಇತ್ತು. ಒಂದು, ಡಬ್ಬಿಯ ತಂತಿ ಎಲ್ಲ ಬಿಚ್ಚಿ ಒಂದೊಂದನ್ನೇ ಅದರ ಇನ್ನೊಂದು ತುದಿಯವರೆಗೆ ಹುಡುಕುತ್ತ ಹೋಗುವುದು. ದಿನವಿಡೀ ಹಿಡಿಯುತ್ತದೆ, ಆದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ; ಡಬ್ಬಿ ತೆಗೆಯಬೇಡಿ ಎಂದು ನಾಲ್ಕು ಮಾತು ಹೇಳಿ ಮನೆಗೆ ಹೋಗಬಹುದು. ಅವಳು ಕೇಳುವಳೇ? ಭಕ್ತಿ ಇದ್ದವರಿಗೆ ಬೇಡ ಎಂದರೆ ಕೇಳುತ್ತಾರೆಯೇ? ಅಮಾವಾಸ್ಯೆಗೆ ತೆಗೆದೇ ತೆಗೆಯುತ್ತಾಳೆ. ಇನ್ನೊಂದು ದಾರಿ ಮೂವತ್ತೆಂಟು ವರ್ಷದಿಂದ ಮುಚ್ಚಿಟ್ಟದ್ದು. ಅರವತ್ತೆರಡನೇ ವಯಸ್ಸಿನಲ್ಲಿ, ಇನ್ನೊಬ್ಬರ ಪಡಸಾಲೆಯಲ್ಲಿ, ಅದರ ಬಾಗಿಲು ತೆಗೆಯಬೇಕಿತ್ತು.

"ಅಕ್ಕಾರ," ಅಂದ, "ಆ ದಾರದಾಗ ಏನೂ ಇಲ್ಲರಿ."

"ಏನಂದ್ರಿ?"

"ಅದು ದರ್ಗಾದ್ದಲ್ಲ. ಮಂತ್ರಿಸಿದ್ದಲ್ಲ. ನನ್ನ ಮನಿಯಾಕಿ ಕೌದಿ ಹೊಲಿಯೂ ದಾರ. ನನಗ ಕೆಂಪು ಹಸಿರು ತಿಳಿಯಂಗಿಲ್ಲರಿ. ಹುಟ್ಟಿದಾಗಿಂದ ತಿಳಿಯಂಗಿಲ್ಲ. ಗುರುತಿಗೆ ಕಟ್ಟತೇನಿ. ಒಂದ ಸುತ್ತು ಕೆಂಪು, ಎರಡ ಸುತ್ತು ಹಸಿರು. ಅಷ್ಟ."

ರತ್ನವ್ವ ನಕ್ಕಳು. ಚೇಷ್ಟೆ ಮಾಡುತ್ತಿದ್ದಾನೆ ಅಂದುಕೊಂಡಳು. ಅವನು ನಗದಿದ್ದಾಗ ಅವಳ ಮುಖದ ನಗು ಎಲ್ಲಿ ಇಡಬೇಕೋ ತಿಳಿಯದೆ ಹಾಗೇ ಉಳಿಯಿತು. ಎರಡೂ ಕೈ ಮುಂದೆ ಚಾಚಿದಳು. "ಇವು ಯಾವ ಬಣ್ಣದ ಬಳಿ, ಹೇಳ್ರಿ?"

ಗೌಸಮೊದ್ದೀನ ನೋಡಿದ. ಒಣಗಿದ ಎಲೆಯ ಬಣ್ಣದ ಬಳೆಗಳು. "ಕೆಂಪ ಇರಬೇಕು," ಅಂದ.

ಡಜನ್ ಹಸಿರು ಬಳೆ. ರತ್ನವ್ವ ಕೈ ಹಿಂದಕ್ಕೆ ತೆಗೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು. ಬಾಗಿಲಲ್ಲಿ ಶಾಂತಯ್ಯ ಬಂದು ನಿಂತದ್ದೂ ಇಬ್ಬರಿಗೂ ಗೊತ್ತಾಗಲಿಲ್ಲ.

"ನನ್ನ ಮಮ್ಮಗಗ ಜ್ವರಾ ಬಂದಾಗ ಆ ದಾರದ ಒಂದ ಎಳಿ ತಗದ ಕೈಗೆ ಕಟ್ಟಿದ್ದೆ," ಅಂದಳು ರತ್ನವ್ವ. "ಮರುದಿನಾ ಜ್ವರಾ ಬಿಟ್ಟಿತ್ತು."

ಅವನು ಬಿಚ್ಚಿದ ಸ್ಕ್ರೂಗಳನ್ನು ಮುಚ್ಚಳದೊಳಗೆ ಹಾಕಿಟ್ಟ.

"ಇಪ್ಪತ್ತೆರಡ ವರ್ಷ ಈ ಮನ್ಯಾಗ ಯಾರಿಗೂ ಝುಮ್ ಸೈತ ಅಂದಿಲ್ಲ."

"ಅದು ಅರ್ಥಿಂಗ ಛಲೋ ಐತಲ್ಲರಿ, ಅದಕ."

"ಹಂಗಾರ ನಾ ದಿನಾ ಕೈ ಮುಗದದ್ದು ಅರ್ಥಿಂಗಿಗೆ?"

ಶಾಂತಯ್ಯ ಕೆಮ್ಮಿದರು. "ಕೈ ಮುಗಿಯಾಕ ಅದೇನ ಕಡಿಮಿ ದೇವರಲ್ಲ ಬಿಡ," ಅಂದರು. ರತ್ನವ್ವ ಗಂಡನನ್ನು ದುರುಗುಟ್ಟಿ ನೋಡಿದಳು. ಅವರು ನುಗ್ಗೆ ಗಿಡದ ಕಡೆ ಹೊರಟುಹೋದರು.

"ನಮ್ಮನ್ನೆಲ್ಲಾ ಹುಚ್ಚರನ್ನ ಮಾಡಿದ್ರಿ ಗೌಸಣ್ಣಾರ," ಅಂದಳು ರತ್ನವ್ವ. ಸಿಟ್ಟಿನ ಮಾತೇ. ಆದರೆ ದನಿಯಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚಿತ್ತು.

"ಹೌದ್ರಿ," ಅಂದ ಅವನು. "ಬೈರಿ. ಆದ್ರ ಆ ಡಬ್ಯಾಗ ಇನ್ನೊಮ್ಮೆ ಕೈ ಹಾಕಬ್ಯಾಡ್ರಿ. ಮೇನ್ ಬಂದ್ ಮಾಡಿದ್ರೂ ಈ ಒಂದ ತಂತ್ಯಾಗ ಕರೆಂಟ ಇರತೈತಿ. ಅರ್ಧ ಬೆರಳಷ್ಟ ಉಳದಿತ್ತು ನಿಮಗ." ಹೇಳುತ್ತ ಆ ತಂತಿಯತ್ತ ಬೆರಳು ಮಾಡಿದ. ಆಗ ಅವಳು ಆ ತಂತಿಯನ್ನೂ, ತಾನು ಕಟ್ಟಿದ ಗಂಟನ್ನೂ, ನಡುವಿನ ಜಾಗವನ್ನೂ ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದಳು.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಸ್ಟೂಲು ಎಳೆದುಕೊಂಡು ದೂರದಲ್ಲಿ ಕೂತಳು. "ಯಾವ ತಂತಿ ಬಣ್ಣ ಬೇಕ್ರಿ ನಿಮಗ?"

ಅವನು ಟೆಸ್ಟರಿನ ತುದಿಯಿಂದ ಕೆಳಗಿನ ಎರಡು ದಪ್ಪ ತಂತಿ ತೋರಿಸಿದ.

"ಎಡಗಡಿದ್ದು ಹಸಿರು. ಬಲಗಡಿದ್ದು ಕೆಂಪು."

"ಕೆಂಪ? ಅಲ್ಲಿ ಕೆಂಪ ಬರಬಾರದಲ್ಲ. ಸುದ್ದಾಗಿ ನೋಡ್ರಿ."

"ನನ್ನ ಕುಂಕುಮಕಿಂತಾ ಕೆಂಪ ಐತ್ರಿ."

ಆಗ ತಿಳಿಯಿತು. ಡಬ್ಬಿ ಬದಲಿಸಿದ ಪುಣ್ಯಾತ್ಮನಿಗೆ ಕಪ್ಪು ತಂತಿ ಸಾಲದಾಗಿ, ಕೈಗೆ ಸಿಕ್ಕ ಕೆಂಪಿನ ತುಂಡನ್ನೇ ವಾಪಸು ಹೋಗುವ ದಾರಿಗೆ ಜೋಡಿಸಿ ಹೋಗಿದ್ದ. ಕಣ್ಣಿದ್ದವನು ಬಣ್ಣ ಕೆಡಿಸಿದ್ದ, ಬಣ್ಣ ಗೊತ್ತಿದ್ದವಳು ದಾರ ಕೆಡಿಸಿದ್ದಳು, ಎರಡೂ ಸೇರಿ ಗೌಸಮೊದ್ದೀನನ ಹಣೆಗೆ ಬಂದಿತ್ತು. ಅವನು ಬರೀ ಅವಳ ಮಾತಿಗೆ ಬಿಡಲಿಲ್ಲ. ಮೇನ್ ಬಂದ್ ಮಾಡಿ, ಹಸಿರು ತಂತಿ ಬಿಚ್ಚಿ, ಅದು ತುಳಸಿಕಟ್ಟೆಯ ಹಿಂದಿನ ಅರ್ಥಿಂಗ್ ಗುಂಡಿಗೇ ಹೋಗುತ್ತದೆ ಎಂದು ಖಾತ್ರಿ ಮಾಡಿಕೊಂಡ. ಕೆಂಪಿನ ತುಂಡು ಕಿತ್ತು ಕಪ್ಪು ತಂತಿ ಹಾಕಿದ. ಹೂವಿನ ಗಂಟುಗಳನ್ನೆಲ್ಲ ಬಿಚ್ಚಿ, ರತ್ನವ್ವ ಒಂದೊಂದರ ಬಣ್ಣ ಹೇಳುತ್ತ ಹೋದ ಹಾಗೆ, ಒಂದು ಸುತ್ತು, ಎರಡು ಸುತ್ತು ಕಟ್ಟುತ್ತ ಹೋದ. ಶೆಡ್ಡಿನ ಮೂರು ತಂತಿ ಅವುಗಳ ಜಾಗಕ್ಕೆ ಕೂತವು. ಮಷಿನ್ ಶುರು ಮಾಡಿದರೆ ಗುರ್ ಅಂತು, ಅಡುಗೆಮನೆಯ ದೀಪ ಅಲುಗಲೂ ಇಲ್ಲ. ಗೌಸಮೊದ್ದೀನ ಬರಿಗೈಯನ್ನು ಮಷಿನ್ನಿನ ಮೈಮೇಲಿಟ್ಟು, ಹಾಗೇ ಹಿಡಿದುಕೊಂಡು, ಮೂರು ರೊಟ್ಟಿ ಹೊರಗೆ ಬರುವವರೆಗೂ ನಿಂತ.

ಹೊರಡುವಾಗ ರತ್ನವ್ವ ಬಾಗಿಲವರೆಗೆ ಬರಲಿಲ್ಲ. ಅದು ಅವನ ಮನಸ್ಸಿಗೆ ಬಹಳ ಹತ್ತಿತು.

ಸಂಜೆ ಮನೆಯಲ್ಲಿ ಶಹಜಹಾನಬೇಗಂ ಕೌದಿ ಹರಡಿಕೊಂಡು ಕೂತಿದ್ದಳು. ಅವನು ಎದುರಿಗೆ ಕೂತು ಎಲ್ಲ ಹೇಳಿದ. ಡಬ್ಬಿ, ಗಂಟು, ಅರ್ಧ ಬೆರಳು, ಬಳೆ, ಮೊಮ್ಮಗನ ಜ್ವರ. ಮುಗಿಸಿ, "ಇವತ್ತ ಖರೆ ಹೇಳಿಬಿಟ್ಟೆ. ದಾರದಾಗ ಏನೂ ಇಲ್ಲ ಅಂದೆ. ಕೆಲಸ ಹೋದ್ರ ಹೋಗಲಿ, ಎದಿ ಮ್ಯಾಲಿನ ಭಾರ ಇಳೀತು," ಅಂದ.

ಸೂಜಿ ನಿಂತಿತು. "ಏನೂ ಇಲ್ಲ ಅಂದ್ರಿ?"

"ಮತ್ತ?"

"ನನ್ನನ್ನ ಒಂದ ಮಾತ ಕೇಳದ ಹಂಗ್ಯಾಕ ಹೇಳಿದ್ರಿ?"

ಗೌಸಮೊದ್ದೀನನಿಗೆ ಏನೂ ಅರ್ಥವಾಗಲಿಲ್ಲ.

"ಪ್ರತಿ ಉಂಡೀ ಮ್ಯಾಲೂ ದುವಾ ಓದಿ ಊದೇನಿ ನಾನು," ಅಂದಳು. "ಮೊದಲನೇ ಉಂಡಿಯಿಂದ. ಮೊನ್ನೆ ಕೊಟ್ಟಿದ್ದಕ್ಕೂ ಊದೇನಿ."

ಅವನು ಹೆಂಡತಿಯ ಮುಖ ನೋಡಿದ. ಮಂತ್ರಿಸಿದ ದಾರ ಎಂಬ ಮಾತನ್ನು ಇಷ್ಟು ವರ್ಷ ಸುಳ್ಳೆಂದು ತಾನು ಹೊತ್ತು ತಿರುಗಿದ್ದ, ಅದು ಖರೆಯಾಗಿತ್ತು. ಖರೆ ಎಂದು ಇವತ್ತು ಎದೆ ಗಟ್ಟಿಮಾಡಿಕೊಂಡು ಹೇಳಿದ್ದು ಸುಳ್ಳಾಗಿತ್ತು. ಶುಕ್ರವಾರಗಳೆಲ್ಲ ಚುಚ್ಚಿದ ಆ ಮುಳ್ಳು ಯಾವ ಲೆಕ್ಕಕ್ಕೆ?

"ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ."

"ಅಲ್ಲ, ಗುರ್ತಿಲ್ಲದವರ ಮನಿಗೆಲ್ಲಾ ನೀ ಯಾಕ ಓದಬೇಕು?"

"ಮನಿಗೆ ಯಾರ ಓದಿದ್ರು?" ಶಹಜಹಾನಬೇಗಂ ದಾರವನ್ನು ಹಲ್ಲಿನಿಂದ ಕಡಿದಳು. "ಬಣ್ಣ ತಿಳಿಯದ ಮನಷ್ಯಾ ದಿನಾ ಹೋಗಿ ಕರೆಂಟಿನಾಗ ಕೈ ಹಾಕತಾನ. ದಾರ ಮುಟ್ಟೂ ಕೈಗೆ ಓದೇನಿ. ನಿಮ್ಮ ಕೈಗೆ."

ಅವನು ತನ್ನ ಎರಡೂ ಕೈಯನ್ನು ತಿರುಗಿಸಿ ನೋಡಿಕೊಂಡ. ಅರವತ್ತೆರಡು ವರ್ಷದ, ಬಿರುಕು ಬಿಟ್ಟ, ಎಲ್ಲ ಬೆರಳೂ ಇದ್ದ ಕೈಗಳು. ಕಣ್ಣು ತುಂಬಿ ಬಂತು, ಮರೆಮಾಚಲು ಹೋಗಲಿಲ್ಲ.

ಫೋನ್ ಬಂತು. ರತ್ನವ್ವ. ಹಿಂದುಗಡೆ ಮಷಿನ್ನಿನ ಸದ್ದು, ಹೆಂಗಸರ ನಗು.

"ನೂರ ರೊಟ್ಟಿ ಆದೂರಿ ಗೌಸಣ್ಣಾರ. ನಾಳೆ ನಿಮಗೂ ಕಳಸ್ತೇನಿ." ದನಿ ಇಳಿಸಿ, "ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ, ನಾ ಏನೋ ಅಂದೆ. ಆದ್ರ ಒಂದ ಮಾತ ಹೇಳ್ರಿ. ಖರೇನ ಆ ದಾರದಾಗ ಏನೂ ಇಲ್ಲೇನ್ರಿ?"

ಗೌಸಮೊದ್ದೀನ ಹೆಂಡತಿಯ ಕಡೆ ನೋಡಿದ. ಅವಳು ಕೌದಿಯಿಂದ ತಲೆ ಎತ್ತಲಿಲ್ಲ. ಹೂಂ ಅನ್ನಲೂ ಬಾಯಿ ಬರಲಿಲ್ಲ, ಉಹೂಂ ಅನ್ನಲೂ ಬರಲಿಲ್ಲ.

"ಅಕ್ಕಾರ," ಅಂದ ಕೊನೆಗೆ, "ಅದರಾಗ ಏನರ ಇರ್ಲಿ, ಡಬ್ಬಿ ಮಾತ್ರ ತಗೀಬ್ಯಾಡ್ರಿ."